ಭರಣಿ ಮಳೆಗೆ ಮುಂಚೆ

ಯಳಂದೂರು
೧೩-೪-೧೯೭೫

ನಮ್ಮ ಮನೆಯವರ ಪಾದಗಳಿಗೆ ಶಿವನಂಜಮ್ಮ ಮಾಡುವ ನಮಸ್ಕಾರಗಳು.

ಇಲ್ಲಿ ಅತ್ತೆಯವರೂ ನಾನೂ ಕ್ಷೇಮ. ನಿಮ್ಮ ಆರೋಗ್ಯ ಹೇಗಿದೆ? ಒಡೆಯರಪಾಳ್ಯದಲ್ಲಿ ಟಿಬೆಟಿನವರ ಮನೆಗಳ ಗೋಡೆ ಕೆಲಸ ಎಲ್ಲಿಗೆ ಬಂತು? ಕಳಿಸಿದ ಕಂಬಳಿ ತಲುಪಿತೋ ಇಲ್ಲವೋ ಒಂದು ಮಾತು ಬರೆಯಲಿಲ್ಲ. ಕಾಗದ ಬರೆ ಎಂದರೆ ನಿಮಗೆ ಯಾವತ್ತೂ ಜ್ವರ ಬರುತ್ತದೆ, ಗೊತ್ತಿದ್ದದ್ದೇ.

ನಿನ್ನೆ ಯುಗಾದಿ. ಒಬ್ಬಟ್ಟು ಮಾಡಿದೆ. ನಾನೂ ತಿಂದೆ, ಸಿಹಿ ಇತ್ತೋ ಇಲ್ಲವೋ ಗೊತ್ತಾಗಲಿಲ್ಲ. ಸಂಜೆ ಗುರುಪಾದಸ್ವಾಮಿಗಳು ಚಾವಡಿಯಲ್ಲಿ ಪಂಚಾಂಗ ಓದಿದರು. ಈ ವರ್ಷದ ಹೆಸರು ರಾಕ್ಷಸ. "ಎಸರೇ ಇಂಗದಲ್ಲವ್ವಾ, ಇನ್ನೇನೇನು ಕಾದದೋ" ಎಂದು ಅತ್ತೆ ಬಾಯಿಗೆ ಸೆರಗು ಹಿಡಿದರು. ಹೋದ ವರ್ಷದ ಹೆಸರು ಆನಂದ ಎಂದಿತ್ತಲ್ಲ ಎಂದುಕೊಂಡೆ. ಅಶ್ವಿನಿ ಮಳೆ ನಾಲ್ಕು ಹನಿಯಂತೆ, ಭರಣಿ ಚೆನ್ನಾಗಿದೆಯಂತೆ, ಕೃತ್ತಿಕೆಯಲ್ಲಿ ಗಾಳಿಯೇ ಜಾಸ್ತಿಯಂತೆ. ಪಂಚಾಯಿತಿ ರೇಡಿಯೋದಲ್ಲಿ ಮುಂಗಾರಿಗೆ ಮುಂಚಿನ ಮಳೆ ಕಡಿಮೆ ಎಂದು ಹೇಳಿದರಂತೆ. ಯಾರ ಮಾತು ನಿಜವಾದರೂ ನನಗೆ ಒಂದೇ.

ಹೋದ ವರ್ಷ ಇದೇ ಚಾವಡಿಯಲ್ಲಿ ಭರಣಿ ಒಣಗುತ್ತದೆ ಎಂದು ಓದಿದ್ದನ್ನು ನಂಬಿ ತಾನೆ ನೀವು ಹೊಳೆಯ ಮರಳಿನಲ್ಲಿ ಸೌತೆಬಳ್ಳಿ ಹಾಕಿ ಕಾವಲಿಗೆ ಗುಡಿಸಲು ಕಟ್ಟಿದ್ದು? ಮಗು ಕೆಂಪಾಜಿ ನಿಮ್ಮ ಬೆನ್ನು ಬಿಡುತ್ತಿರಲಿಲ್ಲ. ಊರಲ್ಲಿ ಒಂದು ಹನಿ ಬೀಳಲಿಲ್ಲ. ಬೆಟ್ಟದ ಮೇಲೆ ಸುರಿದದ್ದು ಹೊಳೆಯಲ್ಲಿ ಬಂತು. ನೀವು ಬಳ್ಳಿಯ ಹತ್ತಿರ ಇದ್ದಿರಿ, ಅವಳು ಗುಡಿಸಲಲ್ಲಿ ಮಲಗಿದ್ದಳು. ನಿಮ್ಮ ಗೆಳೆಯ ಚಿಕ್ಕಮಾದಪ್ಪ ನೀರಿಗೆ ಬಿದ್ದು ಅವಳನ್ನು ಎತ್ತಿ ತಂದ, ಉಸಿರಿರಲಿಲ್ಲ. ಕಾರ್ಯ ಮುಗಿದ ಮೇಲೆ ನೀವು ನನ್ನ ಮುಖ ನೋಡದೆ ಬಸ್ಸು ಹತ್ತಿದಿರಿ. ಅತ್ತುಬಿಡು, ಹಗುರವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅಳು ಬರುವುದಿಲ್ಲ. ಅವಳ ಲಂಗ ಒಗೆದು ಮಡಿಸಿಟ್ಟಿದ್ದೇನೆ. ನಿಮ್ಮ ಮೇಲೆ ಮೊದಮೊದಲು ಬಹಳ ಕೋಪವಿತ್ತು, ಈಗ ಅದೂ ಇಲ್ಲ. ರೊಟ್ಟಿ ತಟ್ಟುತ್ತೇನೆ, ದನಕ್ಕೆ ನೀರು ಕುಡಿಸುತ್ತೇನೆ, ಹೊತ್ತು ಮುಳುಗುತ್ತದೆ.

ಇನ್ನೊಂದು ವಿಷಯ. ಪಂಚಾಂಗ ಓದಿ ಮುಗಿಸಿ, ಈ ವರ್ಷ ಊರಿನ ಹೊನ್ನಾರಿನ ನೇಗಿಲು ಕಟ್ಟಿ ಮೊದಲ ಸಾಲು ಹೊಡೆಯುವುದು ಯಾರ ಹೆಸರಿಗೆ ಬಂದಿದೆ ಎಂದು ನೋಡಿದರು. ನಿಮ್ಮ ಹೆಸರು ಕೂಗಿದರು. ಆಮೇಲೆ ಪಟೇಲರು, "ಅವ್ನು ಬರ್ಲಿ ಕಣ್ರಪ್ಪಾ. ಅಲ್ಲೀಗಂಟ ಯಾರೂ ಒಲದಲ್ಲಿ ಆರು ಕಟ್ಬ್ಯಾಡಿ" ಎಂದರು. ಶುಕ್ರವಾರ ಒಳ್ಳೆಯ ದಿನವಂತೆ. ಬಿಳಿ ಎತ್ತು ಆಗಬೇಕಂತೆ, ನಮ್ಮದೇ ಇದೆ. ಬರುವುದು ಬಿಡುವುದು ನಿಮ್ಮ ಇಷ್ಟ. ಊರವರು ಬರೆಯಲು ಹೇಳಿದರು, ಬರೆದಿದ್ದೇನೆ.

ಅತ್ತೆಯವರು ಆಶೀರ್ವಾದ ತಿಳಿಸಿದ್ದಾರೆ. ಹೊತ್ತು ಹೊತ್ತಿಗೆ ಊಟ ಮಾಡಿ. ಮಲೆ ಮಾದಪ್ಪ ನಿಮ್ಮನ್ನು ಕಾಯಲಿ.

ಇಂತಿ,
ಶಿವನಂಜಮ್ಮ

ಮತ್ತೆ ಬರೆದದ್ದು: ಇನ್‌ಲ್ಯಾಂಡ್ ಅಂಟಿಸಬೇಕು ಎನ್ನುವಾಗ ಗುರುಪಾದಸ್ವಾಮಿಗಳು ಮನೆಗೆ ಬಂದಿದ್ದರು. ಯಾರಿಗೂ ಹೇಳಬೇಡ ಎಂದರು, ಹೇಳುತ್ತಿದ್ದೇನೆ. ಪಂಚಾಂಗದಲ್ಲಿ ಬಂದದ್ದು ಚಿಕ್ಕಮಾದಪ್ಪನ ಹೆಸರಂತೆ. ಅವನೇ ಮುಂಚಿತವಾಗಿ ಹೋಗಿ, "ಸಾಮಿ, ಪುಟ್ಟಸಿದ್ದಯ್ಯನ ಎಸ್ರು ಓದ್ಬುಡಿ, ಅಂಗಾರೂ ಊರಿಗೆ ಬತ್ತಾನೆ" ಎಂದು ಕೈ ಮುಗಿದನಂತೆ. ಪಟೇಲರಿಗೂ ಗೊತ್ತಂತೆ. ಹೋದ ವರ್ಷ ಪಂಚಾಂಗದ ಮಾತು ಕೇಳಿ ನೀವು ಹೊಳೆಗೆ ಇಳಿದಿರಿ. ಈ ವರ್ಷ ಅದರ ಮಾತು ಕೇಳಿ ಬರಬೇಡಿ. ಅದು ನಿಮ್ಮನ್ನು ಕರೆದಿಲ್ಲ. ನಾನು ಕರೆಯುತ್ತಿದ್ದೇನೆ. ಬನ್ನಿ.