ಮುತ್ತವ್ವ, ಆ ಗೋಡೆ ಕೆತ್ತಬೇಡ

ನಿಂಬೂರವಾಡಿ, ಬೀದರ ಸೀಮೆ
ಇಸವಿ ೨೧೬೧, ಫೆಬ್ರವರಿ ೩೦

ಮುತ್ತವ್ವ ಸುವಾರ್ತಮ್ಮನಿಗೆ ನಿನ್ನ ಮರಿಮಗಳ ಮೊಮ್ಮಗಳು, ಗೋಡೆ ಕಟ್ಟುವ ಗೌಂಡಿ ಕರುಣಾವತಿ ಮಾಡುವ ವಂದನೆ. ತಾರೀಖು ನೋಡಿ ನಗಬೇಡ, ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೋ.

ಈ ಕಾಗದ ಮುಟ್ಟುವಾಗ ನೀನು ಶಾಲೆಯ ಗೋಡೆಯೆದುರು ಉಳಿ, ಸುತ್ತಿಗೆ ಹಿಡಿದು ನಿಂತಿರುತ್ತೀ. ನೀನೇ ಗಾರೆ ಮೆತ್ತಿ ಗಿಲಾವು ಮಾಡಿದ ಗೋಡೆ, ಒಂದು ಬಿರುಕಿಲ್ಲ. ಆದರೆ ನಾಳೆ ಹೊರದೇಶದ ಸೇವಾತಂಡ ಬರುತ್ತದೆ. ಅತಿಥಿಗಳನ್ನು ಕೆಲಸವಿಲ್ಲದೆ ಕೂರಿಸಿದರೆ ಊರ ಮರ್ಯಾದೆ ಹೋಗುತ್ತದೆ, ಗಿಲಾವು ಕೆತ್ತಿಡು ಎಂದು ಪಾಸ್ಟರ್ ಹೇಳಿದ್ದಾರೆ. ಎಂಥಾ ಮರ್ಯಾದೆಯೋ! ಮೂರು ವರ್ಷದಿಂದ ಇದೇ ಆಟ. ನೀನು ಕೆತ್ತುವುದು, ಅವರು ಡೊಂಕುಡೊಂಕಾಗಿ ಮೆತ್ತಿ ಫೋಟೊ ತೆಗೆಸಿಕೊಂಡು ಹೋಗುವುದು, ಮಳೆಗೆ ಉದುರಿದ್ದನ್ನು ನೀನು ಪುಕ್ಕಟೆ ಸರಿಮಾಡುವುದು. ಊರಲ್ಲಿ ಕೆಲಸ ಸಿಗದೆ ನಿನ್ನ ಗಂಡ, ನಮ್ಮ ಮುತ್ತಜ್ಜ, ಹೈದರಾಬಾದಿಗೆ ಹೋದ. ಬರುವವರು ಒಳ್ಳೆಯವರೇ, ಪ್ರೀತಿಯಿಂದಲೇ ಬರುತ್ತಾರೆ. ಆದರೆ ನೀನು ಗೌಂಡಿ ಎಂದು ಅವರಿಗೆ ಯಾರೂ ಹೇಳಿಲ್ಲ. ಈ ಸಲವೂ ಕೆತ್ತಿದರೆ ನೀನೂ ಊರು ಬಿಡುತ್ತೀ, ನಿನ್ನ ಕಸುಬು ನಿನ್ನೊಂದಿಗೇ ಮುಗಿಯುತ್ತದೆ.

ನಮ್ಮ ಕಾಲ ಹೇಗಿದೆ ಕೇಳು. ಇಲ್ಲಿ ‘ಕೈಯಪ್ಪಣೆ’ ಅಂತ ಒಂದು ಪದ್ಧತಿ ಇದೆ. ಊರಿನ ಕಸುಬುದಾರರು ಅಪ್ಪಣೆ ಕೊಡುವವರೆಗೆ ಯಾವ ಸೇವಾತಂಡವೂ ಒಂದು ಇಟ್ಟಿಗೆ ಮುಟ್ಟುವಂತಿಲ್ಲ. ಮೊದಲ ಮೂರು ದಿನ ‘ಕೇಳುದಿನ’: ಅತಿಥಿಗಳು ಮನೆಮನೆಯಲ್ಲಿ ರೊಟ್ಟಿ, ಪುಂಡಿಪಲ್ಯ ಉಂಡು, ನಿಮಗೇನು ಬೇಕು ಎಂದು ಕೇಳಿ, ಬಾಯಿ ಮುಚ್ಚಿಕೊಂಡು ಕೂರುತ್ತಾರೆ. ಬೇಡ ಅಂದರೆ ಬೇಡ. ಕೆಲಸ ಇದ್ದರೆ ಕೂಲಿ ಊರ ಗೌಂಡಿಗೆ, ಅತಿಥಿ ಅವಳ ಕೈಕೆಳಗೆ ಉಸುಕು ಜರಡಿ ಹಿಡಿಯಬೇಕು. ಹೋದ ವಾರ ಒಬ್ಬ ದೊಡ್ಡ ಡಾಕ್ಟರ್ ನನ್ನಿಂದ ಬೈಸಿಕೊಂಡು ಸಿಮೆಂಟು, ಉಸುಕು ಸೇರಿಸಿ ಮಾಲು ಕಲಸಿದ. ಕಡೆಗೂ ಹದ ಬಂದಾಗ ಅವನ ಮುಖ ನೋಡಬೇಕಿತ್ತು! ಊರಲ್ಲಿ ಈಗ ನಲವತ್ತು ಗೌಂಡಿಗಳಿದ್ದೇವೆ, ಹೆಂಗಸರೇ ಹೆಚ್ಚು. ಕೂಲಿಗಾಗಿ ಊರು ಬಿಟ್ಟವರು ಒಬ್ಬರೂ ಇಲ್ಲ.

ಇದೆಲ್ಲ ಶುರುವಾದದ್ದು ನಿನ್ನಿಂದ. ನಿನಗದು ನಾಳೆಯ ಮಾತು, ನಮಗೆ ಮನೆಮಂದಿಯೆಲ್ಲ ಬಲ್ಲ ಕಥೆ. ನೀನು ಉಳಿ ಕೆಳಗಿಟ್ಟು ಎಲ್ಲರೆದುರು ಅಂದೆಯಂತೆ:

“ಈ ಗ್ವಾಡಿಗೆ ಏನೂ ಆಗಿಲ್ರಿ. ಸಾಲಿ ಅಡಗಿಮನಿ ಗ್ವಾಡಿ ಬಿದ್ದದ. ಅದನ್ನ ನಾ ಕಟ್ತೀನಿ, ಕೂಲಿ ಕೊಡ್ರಿ. ನೀವು ಮಾಲ್ ಕಲಸಿ ಕೊಡ್ರಿ.”

ಪಾಸ್ಟರ್ ಮುಖ ಕಪ್ಪಿಟ್ಟಿತಂತೆ. ತಂಡದ ಹಿರಿಯಳು ಮಾತ್ರ ಬೂಟು ಬಿಚ್ಚಿಟ್ಟು, ನೀರೆಷ್ಟು ಹಾಕಲಿ ಎಂದು ನಿನ್ನನ್ನೇ ಕೇಳಿದಳಂತೆ.

ಆಕೆಯ ಊರಿನ ಚರ್ಚಿನ ಗೋಡೆ ಈಗ ಕುಸಿದಿದೆ. ಕಟ್ಟಿಕೊಡಲು ನನ್ನನ್ನು ಕರೆದಿದ್ದಾರೆ ಮುತ್ತವ್ವ, ನಿನ್ನ ಕುಡಿಯನ್ನು! ಹಿಗ್ಗಿಗೆ ನನಗೆ ನೆಲ ಕಾಣುತ್ತಿಲ್ಲ. ಆದರೂ ನಿಮ್ಮೂರಲ್ಲಿ ಗೌಂಡಿ ಇಲ್ಲವೇ ಎಂದು ಮೊದಲು ವಿಚಾರಿಸಿದೆ. ಒಬ್ಬಳಿದ್ದಾಳಂತೆ, ಎರಡು ವರ್ಷದಿಂದ ಅವಳನ್ನು ಯಾರೂ ಕೆಲಸಕ್ಕೆ ಕರೆದಿಲ್ಲವಂತೆ. ನಾಳಿದ್ದು ಹೊರಡುತ್ತೇನೆ. ಗೋಡೆ ಅವಳು ಕಟ್ಟುತ್ತಾಳೆ, ನಾನು ಮಾಲು ಕಲಸುತ್ತೇನೆ.