‘ಪರವಾಗಿಲ್ಲ’ ಎಂಬ ಉತ್ತರವನ್ನು ನೀವು ಬರೆದುಕೊಂಡ ಬಗೆ

…ಹಸಿವು ಎಂದಿರೋ, ಹಟ ಎಂದಿರೋ, ಈಗ ಸರಿಯಾಗಿ ನೆನಪಿಲ್ಲ ಮಾನ್ಯರೇ. ಫೋನಿನಲ್ಲಿ ನಿಮ್ಮ ದನಿಯ ಹಿಂದೆ ಯಾರೋ ಕವಾಯತು ಮಾಡಿಸುತ್ತಿದ್ದ ಸದ್ದಿತ್ತು. ‘ಪೈಲಟ್ ಆಗೋರಲ್ಲಿ ಅದೊಂದು ಇರ್ಬೇಕು ಸರ್, ನಿಮ್ಮ ಮಗಳಲ್ಲಿ ನಮಗೆ ಕಾಣಲಿಲ್ಲ’ ಎಂಬರ್ಥದ ಮಾತೇನೋ ಹೇಳಿದಿರಿ. ನಾನು ‘ಸರಿ, ನಿಮ್ಮ ಸಮಯ ತಗೊಂಡೆ’ ಎಂದು ಫೋನಿಟ್ಟೆ. ಇಟ್ಟು ಹದಿನಾಲ್ಕು ತಿಂಗಳಾಯಿತು. ಹೇಳಬೇಕಾದ್ದನ್ನು ಹೇಳಲು ನನಗೆ ಸಾಮಾನ್ಯವಾಗಿ ಅಷ್ಟು ಕಾಲ ಬೇಕಾಗುತ್ತದೆ.

ಹೇಳಬೇಕಾದ್ದು ಇಷ್ಟು. ವಿಶ್ವವಿದ್ಯಾಲಯದ ವಾಯುಪಡೆ ಅಧಿಕಾರಿ ತರಬೇತಿ ಘಟಕದ ಮುಖ್ಯಸ್ಥರಾದ ನೀವು ನನ್ನ ಮಗಳು ಸಿಗ್ನಿಯ ಕಡತದಲ್ಲಿ ಒಂದು ಸಾಲು ಬರೆದಿದ್ದೀರಿ: ‘ಹೊಂದಿಕೊಳ್ಳುವ ಸ್ವಭಾವ. ವಿಮಾನ ಚಾಲನೆಯೇ ಬೇಕೆಂಬ ಹಟವಿಲ್ಲ.’ ಆ ಸಾಲು ತಪ್ಪು. ಅದರ ದೆಸೆಯಿಂದ ಅವಳಿಗೆ ವಿಮಾನ ತಪ್ಪಿ ಕ್ಷಿಪಣಿ ಕಾಯುವ ಕೆಲಸ ಸಿಕ್ಕಿತು. ಆಕಾಶ ಕೇಳಿದವಳು ಈಗ ನಮ್ಮದೇ ರಾಜ್ಯದ ಪಶ್ಚಿಮದ ಗೋಧಿ ಹೊಲಗಳ ಕೆಳಗೆ, ಅರವತ್ತು ಅಡಿ ಆಳದ ಕಾಂಕ್ರೀಟ್ ಕೋಣೆಯಲ್ಲಿ, ಇಪ್ಪತ್ತನಾಲ್ಕು ಗಂಟೆಗಳ ಪಾಳಿ ಮಾಡುತ್ತಾಳೆ. ಮಾರ್ಚ್‌ನಲ್ಲಿ ಸೇವೆಯಲ್ಲಿರುವವರಿಗಾಗಿ ಪೈಲಟ್ ಆಯ್ಕೆಯ ಇನ್ನೊಂದು ಸುತ್ತು ಇದೆ. ಕಡತ ಅಲ್ಲಿಗೂ ಹೋಗುತ್ತದೆ. ಕಡತದ ಜೊತೆ ಆ ಸಾಲೂ ಹೋಗುತ್ತದೆ.

‘ಆಕಾಶ ಕೇಳಿದವಳು’ ಎಂದು ಬರೆದೆ. ತೊಂದರೆ ಇರುವುದು ಅಲ್ಲೇ. ಅವಳು ಕೇಳಿರಲಿಲ್ಲ. ನಮ್ಮ ಕಣಿವೆಯಲ್ಲಿ ಯಾರೂ ಏನನ್ನೂ ಕೇಳುವುದಿಲ್ಲ. ಚರ್ಚಿನ ನೆಲಮಾಳಿಗೆಯ ಕಾಫಿ ಕೂಟಕ್ಕೆ ನೀವು ಒಮ್ಮೆ ಬಂದಿದ್ದಿರಂತೆ. ತಟ್ಟೆಯಲ್ಲಿ ಉಳಿದ ಕೊನೆಯ ಸಿಹಿ ತುಂಡನ್ನು ಕೈ ಚಾಚಿ ತೆಗೆದುಕೊಂಡಿರಂತೆ. ತಪ್ಪೇನಲ್ಲ, ನೀವು ದೇಶದ ದಕ್ಷಿಣ ಭಾಗದವರು. ನಮ್ಮವರು ಆ ತುಂಡನ್ನು ಅರ್ಧ ಮಾಡುತ್ತಾರೆ, ಮುಂದಿನವರು ಅದರ ಅರ್ಧ, ಕಡೆಗೆ ಪುಡಿ ಮಾತ್ರ ಉಳಿದು ಯಾರೋ ಒಬ್ಬರು ತಟ್ಟೆ ತೊಳೆಯುತ್ತಾರೆ. ಎಲ್ಲರಿಗೂ ಆ ತುಂಡು ಬೇಕಾಗಿತ್ತು. ಅದು ಎಲ್ಲರಿಗೂ ಗೊತ್ತು. ಆದರೆ ಇಂಥದ್ದನ್ನು ಕಡತದಲ್ಲಿ ಹೇಗೆ ನಮೂದಿಸುವುದು? ‘ಸಿಹಿಯ ಬಗ್ಗೆ ಹಟವಿಲ್ಲ’ ಎಂದೇ?

ಸಿಗ್ನಿಯ ಹದಿನೇಳನೆಯ ವಯಸ್ಸಿನಲ್ಲಿ ಅವಳು, ಅವಳ ತಾಯಿ, ನಾನು ಮೂವರೂ ವಿಶ್ವವಿದ್ಯಾಲಯದ ಕ್ರೀಡಾಂಗಣಕ್ಕೆ ಹೋಗಿದ್ದೆವು. ಆಗ ನೀವು ಇರಲಿಲ್ಲ, ನಿಮ್ಮ ಹಿಂದಿನವರಿದ್ದರು. ಓದುತ್ತಲೇ ಸೇನಾ ಅಧಿಕಾರಿಗಳಾಗುವವರಿಗಾಗಿ ಅಲ್ಲಿ ಸಾಲಾಗಿ ಮೇಜುಗಳನ್ನು ಹಾಕಿದ್ದರು: ಭೂಸೇನೆಯದೊಂದು, ಮರೀನ್ ದಳದ್ದೊಂದು, ವಾಯುಪಡೆಯದೊಂದು. ಮೂರೂ ಪಡೆಗಳ ಬಳಿ ಹಾರುವ ಯಂತ್ರಗಳಿದ್ದವು. ಹಾಗಾಗಿ ಯಾವ ಬಾಗಿಲಿನಿಂದ ಒಳಗೆ ಹೋಗುವುದು ಎಂಬುದಷ್ಟೇ ಪ್ರಶ್ನೆ. ಕೇಳಬೇಕಾದ ಪ್ರಶ್ನೆಗಳನ್ನು ನಾನು ಮನೆಯಲ್ಲೇ ಒಂದು ಪಟ್ಟಿ ಮಾಡಿ ತಂದಿದ್ದೆ. ಅದು ಜೇಬಿನಲ್ಲೇ ಉಳಿಯಿತು.

ಮರೀನ್ ಕ್ಯಾಪ್ಟನ್ ಎದ್ದು ನಿಂತೇ ಮಾತಾಡಿಸಿದ.

‘ಯಾರಿಗೆ ಹಾರ್ಬೇಕಾಗಿರೋದು? ನಿಂಗಾ?’

ಸಿಗ್ನಿ ತನ್ನ ಬೂಟು ನೋಡಿಕೊಂಡಳು. ‘ಅವಕಾಶ ಸಿಕ್ಕಿದ್ರೆ… ಆಗ್ಬಹುದು ಅನ್ಸುತ್ತೆ.’

‘ಅನ್ಸೋದು ಗಿನ್ಸೋದು ಬೇಡಮ್ಮ. ಕಣ್ಣು, ಕಿವಿ ಪರೀಕ್ಷೆ ಪಾಸಾಗು, ಲಿಖಿತ ಪರೀಕ್ಷೆ ಪಾಸಾಗು, ಪೈಲಟ್ ತರಬೇತಿ ನಿಂದೇ ಅಂತ ಮೊದ್ಲೇ ಬರ್ದು ಕೊಡ್ತೀವಿ. ಹಾರ್ಬೇಕಾ, ಬೇಡ್ವಾ? ಒಂದು ಮಾತು.’

ನನ್ನ ಹೆಂಡತಿ ಲೂಆನ್ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದಳು. ‘ಆರ್ಲನ್, ಈ ಮನುಷ್ಯ ಹರಾಜಿನಲ್ಲಿ ಹೋರಿ ಕೂಗೋನ ಹಾಗೆ ಮಾತಾಡ್ತಾನಲ್ಲ!’

ಮಗಳ ಕಿವಿ ಕೆಂಪಾಗಿತ್ತು. ಹುಟ್ಟಿದಂದಿನಿಂದ ಅವಳನ್ನು ಯಾರೂ ಅಷ್ಟು ನೇರವಾಗಿ ಏನೂ ಕೇಳಿರಲಿಲ್ಲ. ‘ಆಲೋಚನೆ ಮಾಡಿ ಹೇಳ್ತೀವಿ, ತುಂಬಾ ಉಪಕಾರ ಆಯ್ತು’ ಎಂದು ನಾನೇ ಅಂದೆ. ಮುಂದಿನ ಮೇಜಿನಲ್ಲಿ ನಿಮ್ಮ ಹಿಂದಿನವರು ಲೂಆನ್‌ಗೆ ಕುರ್ಚಿ ಎಳೆದು ಕೊಟ್ಟರು. ‘ಅವಸರ ಏನೂ ಇಲ್ಲ. ಮೊದಲೆರಡು ವರ್ಷ ಓದ್ಲಿ. ಮೂರನೇ ವರ್ಷದಲ್ಲಿ ಯಾರು ಪೈಲಟ್, ಯಾರು ಮತ್ತೊಂದು ಅಂತ ಮಂಡಳಿ ಕೂತು ನೋಡುತ್ತೆ. ವಿಮಾನ ಹೆಂಗೂ ನಮ್ಮಲ್ಲೇ ಜಾಸ್ತಿ’ ಎಂದರು. ಎಷ್ಟು ಸಮಾಧಾನವಾಯಿತೆಂದರೆ, ನಮ್ಮ ಚಿಕ್ಕಪ್ಪನ ಮನೆಗೆ ಹೋದ ಹಾಗಾಯಿತು. ಆ ಸಮಾಧಾನವನ್ನೇ ನಾವು ಆರಿಸಿಕೊಂಡೆವು. ಕಾರಿನಲ್ಲಿ ವಾಪಸು ಬರುವಾಗ ಲೂಆನ್ ‘ಆ ಕ್ಯಾಪ್ಟನ್ ಪಾಪ, ಮನೇಲಿ ಏನು ಕೇಳಿದ್ರೂ ಇಲ್ಲ ಅಂದಿರ್ಬೇಕು ಅವನಿಗೆ’ ಎಂದಳು, ಮೂವರೂ ನಕ್ಕೆವು. ಬರೆದು ಕೊಡುತ್ತೇನೆಂದವನನ್ನು ಬಿಟ್ಟು, ಆಮೇಲೆ ನೋಡೋಣ ಎಂದವರ ಹಿಂದೆ ಹೋದೆವು. ಕಾರಣ ಇಷ್ಟೇ: ಮೊದಲನೆಯವನು ಬೇಕೋ ಬೇಡವೋ ಎಂದು ಕೇಳಿಬಿಟ್ಟ.

ಅವಳಿಗೆ ಬೇಕಾಗಿತ್ತೆ ಎಂಬುದಕ್ಕೆ ಸಾಕ್ಷಿ ಬೇಕಿದ್ದರೆ, ನಮ್ಮೂರಿನಲ್ಲಿ ಸಕ್ಕರೆ ಬೀಟ್ ಹೊಲಗಳಿಗೆ ವಿಮಾನದಿಂದ ಔಷಧ ಹೊಡೆಯುವ ವರ್ನ್‌ನನ್ನು ಕೇಳಬಹುದಿತ್ತು. ಹದಿನಾಲ್ಕನೆಯ ವಯಸ್ಸಿನಿಂದ ಮೂರು ಬೇಸಿಗೆ ಅವಳು ಅವನ ಔಷಧದ ಟ್ಯಾಂಕು ತೊಳೆದಳು; ಅದಕ್ಕೆ ಬದಲಾಗಿ ಅವನು ಹಾರುವುದನ್ನು ಕಲಿಸಿದ. ಕಾರಿನ ಪರವಾನಗಿ ಬಂದ ಮರುವರ್ಷವೇ ವಿಮಾನದ್ದೂ ಬಂತು. ‘ನಿನ್ ಮಗಳು ನನ್ ತಲೆ ತಿಂತಾಳೆ ಆರ್ಲನ್’ ಎಂದು ಒಮ್ಮೆ ದೂರಿದ. ‘ಏನು ಕೇಳ್ತಾಳೆ?’ ಅಂದೆ. ‘ಏನೂ ಕೇಳಲ್ವಲ್ಲ ಮಾರಾಯ! ಬಂದು ವಿಮಾನದ ಪಕ್ಕ ನಿಂತ್ಕೋತಾಳೆ. ನಾನೇ ಹತ್ತು ಅನ್ನೋವರೆಗೂ ನಿಂತಿರ್ತಾಳೆ. ಒಂದ್ಸಲ ಮರ್ತು ಊಟಕ್ಕೆ ಹೋಗಿದ್ದೆ, ವಾಪಸ್ ಬಂದಾಗ್ಲೂ ಅಲ್ಲೇ.’

ಮೂರನೆಯ ವರ್ಷ ನಿಮ್ಮಲ್ಲಿಂದ ಒಂದು ಫಾರ್ಮು ಬಂತು. ನಿಮ್ಮವರು ತಮ್ಮೊಳಗೆ ಅದನ್ನು ‘ಕನಸಿನ ಹಾಳೆ’ ಎನ್ನುತ್ತಾರಂತೆ. ಹೆಸರಿಟ್ಟವರಿಗೆ ತಮಾಷೆಯ ಮನಸ್ಸಿದ್ದಿರಬೇಕು. ಯಾವ ಕೆಲಸ ಬೇಕೆಂದು ಬರೆಯಲು ಆರು ಸಾಲು. ಸಿಗ್ನಿ ಅಡುಗೆಮನೆಯ ಮೇಜಿನ ಮೇಲೆ ಅದನ್ನು ಹರಡಿಕೊಂಡು ಕೂತಿದ್ದಳು.

‘ಅಪ್ಪ, ಮೊದಲ್ನೇ ಸಾಲಲ್ಲಿ ಪೈಲಟ್ ಅಂತ ಬರ್ದಿದೀನಿ. ಉಳಿದಿದ್ದು ಖಾಲಿ ಬಿಡ್ಲಾ? ನಮ್ ಬ್ಯಾಚಿನ ಟೆಕ್ಸಸ್‌ನೋನು ಹಂಗೇ ಮಾಡಿದಾನೆ.’

‘ಖಾಲಿ ಬಿಟ್ರೆ ಏನು ತಿಳ್ಕೋತಾರೆ ಮಗಳೇ? ಇವಳಿಗೆ ಕೊಬ್ಬು ಅಂತಾರೆ.’

‘ಬೇರೆ ಯಾವ್ದೂ ನಂಗೆ…’

‘ಸಾಲು ಕೊಟ್ಟಿರೋದು ತುಂಬೋಕೆ.’

ನಾನು ಇಪ್ಪತ್ತಾರು ವರ್ಷದಿಂದ ಕೌಂಟಿಯ ಭೂದಾಖಲೆ ಕಚೇರಿಯಲ್ಲಿ ಗುಮಾಸ್ತ. ಫಾರ್ಮುಗಳ ವಿಷಯದಲ್ಲಿ ನಮ್ಮ ಮನೆಯಲ್ಲಿ ನನ್ನದೇ ಕಡೆಯ ಮಾತು. ಅವಳು ತುಂಬಿದಳು. ಆರನೆಯ ಸಾಲಿಗೆ ಏನೂ ಹೊಳೆಯದೆ ಕ್ಷಿಪಣಿ ಎಂದು ಬರೆದಳು. ಅದನ್ನು ಸೂಚಿಸಿದವನು ನಾನೇ, ಇದೇ ರಾಜ್ಯದಲ್ಲಿ ಇರಬಹುದಲ್ಲ ಎಂದು. ನಿಮ್ಮ ತಪ್ಪನ್ನು ಎತ್ತಿ ತೋರಿಸಲು ಕೂತವನು ಇದನ್ನು ಏಕೆ ಬರೆಯುತ್ತಿದ್ದೇನೆ ಎಂದು ನನಗೂ ಅನ್ನಿಸುತ್ತಿದೆ. ಬರೆಯದಿದ್ದರೆ ಇದೂ ಇನ್ನೊಂದು ಅಪೂರ್ಣ ಕಡತವಾಗುತ್ತದೆ.

ಆಮೇಲೆ ನಿಮ್ಮ ಸಂದರ್ಶನ. ‘ಪೈಲಟ್ ಸೀಟು ಸಿಗದೇ ಹೋದ್ರೆ?’ ಎಂದು ಕೇಳಿದಿರಂತೆ. ‘ಪರವಾಗಿಲ್ಲ ಸರ್’ ಎಂದಳಂತೆ. ನೀವು ಬರೆದುಕೊಂಡಿರಿ.

ಮಾನ್ಯರೇ, ನೀವು ಈ ಕಣಿವೆಗೆ ಬಂದು ಐದು ಚಳಿಗಾಲ ಕಳೆದಿವೆ. ಇಷ್ಟರಲ್ಲಿ ಈ ಒಂದು ಪದದ ಅರ್ಥವನ್ನು ಯಾರಾದರೂ ನಿಮಗೆ ಹೇಳಬೇಕಿತ್ತು. ನನ್ನ ತಂದೆಯ ದನದ ಕೊಟ್ಟಿಗೆ ಸುಟ್ಟು ಹೋದ ದಿನ ಅವರು ಅಂದದ್ದು ‘ಪರವಾಗಿಲ್ಲ.’ ನದಿ ಉಕ್ಕಿ ನಮ್ಮ ನೆಲಮಾಳಿಗೆ ತುಂಬಿದಾಗ ನೆರೆಯವರಿಗೆ ಲೂಆನ್ ಅಂದದ್ದು ‘ಪರವಾಗಿಲ್ಲ, ಮೇಲಿನ ಮೂರು ಮೆಟ್ಟಿಲು ಒಣಗೇ ಇದೆ.’ ಅವಳಿಗೆ ಶಸ್ತ್ರಚಿಕಿತ್ಸೆಯಾದ ಮರುದಿನ ವೈದ್ಯರು ನೋವಿದೆಯೇ ಎಂದಾಗಲೂ ಅದೇ ಉತ್ತರ. ಆ ವೈದ್ಯರು ಇಲ್ಲಿಯವರೇ ಆದ್ದರಿಂದ ಔಷಧವನ್ನು ಎರಡರಷ್ಟು ಮಾಡಿದರು. ನೀವು ಅರ್ಧ ಮಾಡಿದಿರಿ.

ಫಲಿತಾಂಶ ಬಂದ ಮಧ್ಯಾಹ್ನ ಸಿಗ್ನಿ ನನ್ನ ಕಚೇರಿಗೆ ಫೋನು ಮಾಡಿದಳು.

‘ಅಪ್ಪ, ಕ್ಷಿಪಣಿ ಬಂತು.’

‘ಹೌದಾ.’

‘ಹ್ಞೂಂ. ಪರವಾಗಿಲ್ಲ.’

‘ಪರವಾಗಿಲ್ಲ ಮಗಳೇ.’

ಆಮೇಲೆ ಇಬ್ಬರೂ ಮಾತಾಡಲಿಲ್ಲ, ಇಬ್ಬರೂ ಫೋನು ಇಡಲೂ ಇಲ್ಲ. ಕೌಂಟರಿನ ಆಚೆ ಜಮೀನಿನ ದಾಖಲೆಯ ನಕಲಿಗೆ ಬಂದಿದ್ದ ಮುದುಕಿಯೊಬ್ಬಳು ಕಾಯುತ್ತಿದ್ದಳು. ‘ಯಾರಪ್ಪ ಫೋನಲ್ಲಿ?’ ಎಂದಳು. ಮಗಳು ಎಂದೆ. ‘ಏನಂತೆ?’ ಎಂದಳು. ಏನೂ ಹೇಳುತ್ತಿಲ್ಲ ಎಂದೆ. ಮುದುಕಿ ತಲೆಯಾಡಿಸಿ, ಕೋಟು ಬಿಚ್ಚಿ ಮಡಿಲಲ್ಲಿಟ್ಟುಕೊಂಡು, ಬೆಂಚಿನ ಮೇಲೆ ಕೂತಳು. ಹನ್ನೊಂದು ನಿಮಿಷ ಕಾದಳು. ಆಕೆಯ ಹೆಸರು ನನಗೆ ಗೊತ್ತಿಲ್ಲ. ಆದರೆ ನಿಮ್ಮ ಮಂಡಳಿಯಲ್ಲಿ ಅಂಥವರೊಬ್ಬರು ಇದ್ದಿದ್ದರೆ ನಾನು ಈ ಪತ್ರ ಬರೆಯಬೇಕಾಗಿ ಬರುತ್ತಿರಲಿಲ್ಲ.

‘ಸೇನೆಯ ಅಗತ್ಯಕ್ಕೆ ತಕ್ಕಂತೆ’ ಎಂದು ಆದೇಶದಲ್ಲಿತ್ತು. ಸೇನೆಗೆ ಅಗತ್ಯಗಳಿರುತ್ತವೆ, ಒಪ್ಪುತ್ತೇನೆ. ಅವನ್ನು ಅದು ಸಂಕೋಚವಿಲ್ಲದೆ ಕೇಳುತ್ತದೆ, ಅದನ್ನೂ ಮೆಚ್ಚುತ್ತೇನೆ. ಹೊಂದಿಕೊಳ್ಳುವವರು ಯಾರು ಎಂದು ಹುಡುಕಿ ಅವರನ್ನೇ ನೆಲದಡಿಗೆ ಕಳಿಸುವುದು ಜಾಣತನವೂ ಇರಬಹುದು. ಅವರು ಗಲಾಟೆ ಮಾಡುವುದಿಲ್ಲ. ಆದರೆ ಅದಕ್ಕೆ ‘ಹಟವಿಲ್ಲ’ ಎಂಬ ಪ್ರಮಾಣಪತ್ರವೂ ಬೇಕೇ? ಟೆಕ್ಸಸ್‌ನ ಯುವಕ ಈಗ ಹಾರುತ್ತಿದ್ದಾನೆ. ಚೆನ್ನಾಗಿ ಹಾರುತ್ತಾನಂತೆ, ಸಂತೋಷ. ಅವನ ಐದು ಖಾಲಿ ಸಾಲುಗಳಲ್ಲಿ ನಿಮಗೆ ಹಸಿವು ಕಂಡಿತು. ನನ್ನ ಮಗಳು ತುಂಬಿದ ಐದು ಸಾಲುಗಳಲ್ಲಿ ನಿಮಗೆ ಕಂಡದ್ದು ನಾನು ಎಂದು ಈಗ ಅನ್ನಿಸುತ್ತದೆ.

ಈ ಪತ್ರವನ್ನು ಪತ್ರಿಕೆಗೆ ಕಳಿಸಬೇಡವೆಂದು ಲೂಆನ್ ಹೇಳಿದಳು. ‘ಊರೋರ ಮುಂದೆ ಹೀಗೆ ಕೇಳ್ಕೊಳ್ಳೋದಾ ಆರ್ಲನ್? ಅವಳು ತಿರುಗಿ ನಿನ್ ಮುಖ ನೋಡ್ತಾಳಾ?’ ಬಹುಶಃ ಬಹಳ ದಿನ ನೋಡುವುದಿಲ್ಲ. ಮಾರ್ಚ್‌ಗೆ ಇನ್ನು ಆರು ವಾರವಿದೆ. ಅವಳು ಅರ್ಜಿ ಹಾಕಿದ್ದಾಳೋ ಇಲ್ಲವೋ ಅದೂ ನನಗೆ ಗೊತ್ತಿಲ್ಲ. ಕೇಳಿದರೆ ಏನನ್ನುತ್ತಾಳೆಂದು ಮಾತ್ರ ಗೊತ್ತು.

ಆದ್ದರಿಂದ ನನ್ನ ಒತ್ತಾಯ ಇಷ್ಟು. ಆ ಸಾಲನ್ನು ನೀವೇ ಹೊಡೆದು ಹಾಕಿ, ಪಕ್ಕದಲ್ಲಿ ಸಹಿ ಮಾಡಿ, ಆಯ್ಕೆ ಮಂಡಳಿಗೆ ಕಡತ ಹೋಗುವ ಮೊದಲು. ಹೊಡೆದು ಹಾಕಲು ನಿಯಮ ಬಿಡುವುದಿಲ್ಲವಾದರೆ, ಅವಳನ್ನು ಇನ್ನೆರಡು ಸಲ ಕೇಳಿ. ಇಲ್ಲಿ ಒಂದು ಕಪ್ ಕಾಫಿಗೂ ಮೂರು ಸಲ ಕೇಳುತ್ತೇವೆ. ಮೊದಲನೆಯ ‘ಬೇಡ’ ಮರ್ಯಾದೆಯದು, ಎರಡನೆಯದು ಅಭ್ಯಾಸದ್ದು. ನೀವು ಒಂದೇ ಸಲ ಕೇಳಿ ಎದ್ದು ಹೋದಿರಿ.

ಇಂತಿ,
ಎಲ್ಲ ಸಾಲುಗಳನ್ನೂ ತುಂಬಿಸಿದ ಗುಮಾಸ್ತ,
ಆರ್ಲನ್ ಟ್ವೈಟ್

ತಾ.ಕ.: ಸಿಗ್ನಿ, ಇದು ನಿನ್ನ ಕಣ್ಣಿಗೆ ಬಿದ್ದರೆ ಕೋಪ ಮಾಡಿಕೊ. ಇಲ್ಲಿ ಮೂರು ದಿನದಿಂದ ಮೋಡವಿಲ್ಲ, ಉತ್ತರದ ಗಾಳಿ ನಿಂತಿದೆ. ಮೇಲೆ ಹೀಗಿರುವಾಗ ಅಲ್ಲಿ ಕೆಳಗೆ ಕೂತವರಿಗೆ ಅದನ್ನು ಯಾರಾದರೂ ಹೇಳುತ್ತಾರಾ?