ಪಟ್ಟಿಯಲ್ಲಿ ಏಳನೆಯವಳು

ಮೇ 6, ಮಂಗಳವಾರ. ಬೆಳಗ್ಗೆ 6.15

ಮಗಳು ಪೀಪಿಯ ದಿಂಬಿನ ಮೇಲಿನ ಕೂದಲು ಗುಡಿಸಿದ್ದಾಯಿತು. ಜ್ವರ ಇಲ್ಲ. ರಾತ್ರಿಯಿಂದ ಹೊಟ್ಟೆಗೂ ಏನೂ ಇಲ್ಲ. ಇವತ್ತು ಬೆನ್ನಿಗೆ ಇಂಜೆಕ್ಷನ್, ಮೂರನೆಯದು. ಕಾಯಿಲೆ ಮಿದುಳಿಗೆ ಏರದಿರಲಿ ಎಂದು. ನಿದ್ದೆ ಬರಿಸಿ ಕೊಡುತ್ತಾರೆ, ಅದಕ್ಕೇ ಉಪವಾಸ.

ಐದು ವರ್ಷ. ರಕ್ತದ ಕ್ಯಾನ್ಸರ್. ಈ ಎರಡನ್ನೂ ಒಂದೇ ಸಾಲಿನಲ್ಲಿ ಕೂರಿಸಿದವನು ಯಾರೋ, ಒಮ್ಮೆ ಕೈಗೆ ಸಿಗಲಿ.

ಹೆಂಡತಿಗೆ ನೆಗಡಿ, ವಾರ್ಡಿಗೆ ಬಿಡುವುದಿಲ್ಲ. ನಾನೇ ಗತಿ.

ಮಧ್ಯಾಹ್ನ 2.40

ಆಗಲಿಲ್ಲ. ಏಳು ಮಕ್ಕಳು, ಏಳೂ ಖಾಲಿ ಹೊಟ್ಟೆ, ಎಲ್ಲರಿಗೂ ಏಳು ಗಂಟೆಗೇ ಬುಲಾವು. ಪೀಪಿ ಏಳನೆಯವಳು. ಎರಡಕ್ಕೆ ಸಿಸ್ಟರ್ ಬಂದು, "ಡಾಕ್ಟರ್ ಹೋದ್ರು. ಶುಕ್ರವಾರ ಬನ್ನಿ."

"ಯಾವ ಮಗು ಎಷ್ಟೊತ್ತಿಗೆ ಅಂತ ಬರೆದು ಹಾಕ್ಬಾರ್ದಾ?"

"ಹಾಗೆಲ್ಲ ಆಗಲ್ಲ ಸಾರ್. ಎಮರ್ಜೆನ್ಸಿ ಬರುತ್ತೆ."

"ನಾನು ಡಿಪೋದಲ್ಲಿ ಟೈಮ್‌ಕೀಪರ್. ಬಸ್ಸೂ ಕೆಟ್ಟು ನಿಲ್ಲುತ್ತೆ. ಆದ್ರೂ ಟೈಮ್ ಬರೀತೀವಿ."

"ಇದು ಬಸ್‌ಸ್ಟ್ಯಾಂಡ್ ಅಲ್ಲ."

ನಿಜ. ಬಸ್‌ಸ್ಟ್ಯಾಂಡಿನಲ್ಲಿ ಊಟವಾದರೂ ಸಿಗುತ್ತದೆ.

ಏಳಕ್ಕೆ ಬಾ, ಎರಡಕ್ಕೆ ಹೋಗು,
ಖಾಲಿ ಹೊಟ್ಟೆ ಹೊತ್ತು ಸಾಗು.

ಪೀಪಿಗೆ ಹೇಳಿದೆ. ನಗಲಿಲ್ಲ. ನಗುವುದಕ್ಕೂ ಹೊಟ್ಟೆಯಲ್ಲಿ ಏನಾದರೂ ಇರಬೇಕಲ್ಲ.

ಮೇ 9, ಶುಕ್ರವಾರ. ಮಧ್ಯಾಹ್ನ 1

ಮತ್ತೆ ಏಳನೆಯವಳು. ನಮ್ಮ ಡಿಪೋದಲ್ಲಾದರೆ ಮಂಗಳವಾರ ಬಿಟ್ಟುಹೋದ ಬಸ್ಸು ಮೊದಲು ಹೊರಡುತ್ತದೆ.

ಹನ್ನೆರಡೂವರೆಗೆ ಆಯಾ ಪಿಸುಗುಟ್ಟಿದಳು: "ಇವತ್ತೂ ಡೌಟು." ಪೀಪಿ ಹೊದಿಕೆಯ ಮೂಲೆ ಜಗಿಯುತ್ತಿದ್ದಳು. ಸಿಟ್ಟು ನೆತ್ತಿಗೇರಿತು. ಚೀಲದಿಂದ ಬಿಸ್ಕತ್ತು ತೆಗೆದೆ.

"ಸಿಸ್ಟರ್ ಬೈತಾರೆ ಅಪ್ಪಾ…"

"ಯಾರಿಗೂ ಹೇಳ್ಬೇಡ. ನಮ್ಮಿಬ್ಬರ ಗುಟ್ಟು."

ಮೂರು ತಿಂದಳು. ಒಂದು ಚೂರೂ ಉದುರಿಸದೆ. ತಿನ್ನಲಿ. ಇವರ ಪಟ್ಟಿಗಿಷ್ಟು ಬೆಂಕಿ ಹಾಕ —

ಕರೆಯುತ್ತಿದ್ದಾರೆ.

ಸಂಜೆ 5

ಬರೆದುಬಿಡುತ್ತೇನೆ. ಥಿಯೇಟರ್ ಹೊರಗೆ ನಿದ್ದೆ ಕೊಡುವ ಡಾಕ್ಟರಮ್ಮ ಬಗ್ಗಿ ಕೇಳಿದರು: "ಬೆಳಗ್ಗೆಯಿಂದ ಏನಾದ್ರೂ ತಿಂದ್ಯಾ ಪುಟ್ಟಿ?"

ಪೀಪಿ ನನ್ನ ಮುಖ ನೋಡಿದಳು. "ಇಲ್ಲ. ಅಪ್ಪ ಏನೂ ಕೊಟ್ಟಿಲ್ಲ."

ಅಪ್ಪನ ಸುದ್ದಿಯನ್ನು ಯಾರೂ ಕೇಳಿರಲಿಲ್ಲ.

ಗಾಲಿಮಂಚ ಒಳಕ್ಕೆ ಹೊರಟಿತು. ಹೇಳಿದರೆ ಮತ್ತೆ ಮುಂದಕ್ಕೆ. ವಾರ ತಪ್ಪಿಸಬೇಡಿ ಅಂತ ದೊಡ್ಡ ಡಾಕ್ಟರ್ ಎಚ್ಚರಿಸಿದ್ದಾರೆ. ಹೇಳದಿದ್ದರೆ — ನಿದ್ದೆಯಲ್ಲಿ ವಾಂತಿಯಾದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಗೊತ್ತಿತ್ತು. ಗೊತ್ತಿದ್ದೂ ಎಂಟು ಹೆಜ್ಜೆ ಬಾಯಿಬಿಡದೆ ನಡೆದೆ. ಒಂಬತ್ತನೆಯದರಲ್ಲಿ ಬಾಗಿಲು.

"ಮೂರು ಬಿಸ್ಕತ್ತು ತಿಂದಿದಾಳೆ. ನಾನೇ ಕೊಟ್ಟೆ."

ಡಾಕ್ಟರಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ತಿರುಗಿ ಬೈಯಬಹುದಿತ್ತು. "ಮಗು ಹತ್ರ ಸುಳ್ಳು ಹೇಳಿಸಿದ್ರಾ?" ಎಂದರು, ಅಷ್ಟೆ. ಇಂಜೆಕ್ಷನ್ ಸೋಮವಾರಕ್ಕೆ.

ಮೂರು ದಿನ ಇವರನ್ನು ಬೈಯಲು ಪ್ರಾಸ ಹುಡುಕಿದೆ. ನನ್ನನ್ನು ಬೈಯಲು ಒಂದೂ ಹೊಂದುತ್ತಿಲ್ಲ.

ಮೇ 12, ಸೋಮವಾರ. ಬೆಳಗ್ಗೆ 8.25

ಪೀಪಿ ಮೊದಲನೆಯವಳು. ಮಾಡುವ ಮನಸ್ಸಿದ್ದರೆ ಆಗುತ್ತದೆ, ನೋಡಿ! ಆದರೆ ಆರರಿಂದ ಅವಳನ್ನು ನರ್ಸುಗಳ ಮೇಜಿನ ಪಕ್ಕ ಕೂರಿಸಿಕೊಂಡಿದ್ದರು. ಕೊರಳಲ್ಲಿ ರಟ್ಟು — 'ತಿನ್ನಲು ಕೊಡಬೇಡಿ'. ನನಗೆ ಎದುರಿನ ಬೆಂಚು. ಚೀಲ ಸಿಸ್ಟರ್ ವಶ. ಮೈಯೆಲ್ಲ ಉರಿಯಿತು. ಹೂಂ ಎಂದು ಕೂತೆ.

ಫೋನಿನಲ್ಲಿ ಹೆಂಡತಿ: "ಜಗಳ ಗಿಗಳ ಆಡ್ಬೇಡ್ರೀ ಇವತ್ತು."

ಯಾರ ಹತ್ತಿರ ಆಡಲಿ?

"ತಿಂದ್ಯಾ?" ಡಾಕ್ಟರಮ್ಮ ಕೇಳಿದರು.

"ಇಲ್ಲ."

ಅವರು ಸಿಸ್ಟರ್ ಕಡೆ ನೋಡಿದರು. ಸಿಸ್ಟರ್ ತಲೆಯಾಡಿಸಿದಳು. ನನ್ನನ್ನು ಯಾರೂ ಕೇಳಲಿಲ್ಲ.

ಶುಕ್ರವಾರದಿಂದ ನನ್ನ ಜೊತೆ ಮಾತಿಲ್ಲದ ಪೀಪಿ ಬಾಗಿಲಲ್ಲಿ ಕತ್ತೆತ್ತಿದಳು.

"ಅಪ್ಪಾ, ಗುಟ್ಟು ಅಂದೋನು ನೀನು. ಹೇಳಿದ್ದೂ ನೀನು. ಈಗ ಎಲ್ರೂ ನಂಗೆ ಸುಳ್ಳಿ ಅಂತಾರೆ."

ಬಾಗಿಲು ಮುಚ್ಚಿತು.

ಹೊರಬಂದು ಕಣ್ಣು ಬಿಟ್ಟ ತಕ್ಷಣ ಹೇಳಬೇಕು. ಸಿಸ್ಟರ್, ಡಾಕ್ಟರಮ್ಮ, ಆಯಾ — ಎಲ್ಲರ ಎದುರಿಗೇ. ತಡವರಿಸಬಾರದು, ಅದಕ್ಕೇ ಇಲ್ಲಿ ಬರೆದುಕೊಳ್ಳುತ್ತಿದ್ದೇನೆ: ಸುಳ್ಳು ನಿಂದಲ್ಲ ಮಗಳೇ, ಅದನ್ನ ನಿನ್ನ ಬಾಯಿಗೆ ಇಟ್ಟಿದ್ದು —

ಬಾಗಿಲು ತೆರೆಯುತ್ತಿದ್ದಾರೆ.